ಕಿಟಕಿಯಿಲ್ಲದ ಕೋಣೆಯ ಕಂಪ್ಯೂಟರ್

"ಮುಟ್ಟಬೇಡಿ! ಅದನ್ನ ಮುಟ್ಟಬೇಡಿ!"

ಹೇಮಾವತಿ ಕೂಗಿದ ರಭಸಕ್ಕೆ, ಸಿಪಿಯು ಬಿಚ್ಚಲು ಬಗ್ಗಿದ್ದವನು ಸ್ಕ್ರೂಡ್ರೈವರ್ ಸಮೇತ ಎರಡು ಹೆಜ್ಜೆ ಹಿಂದೆ ಸರಿದ.

"ನಿಮ್ಮಣ್ಣಾನೇ ಕರೆಸಿದ್ದು ಕಣ್ರಿ... ನಾನು ತಿಪ್ಪೇಶ್. ಕಲ್ಯಾಣದುರ್ಗದಾಗೆ ಕಂಪ್ಯೂಟರ್ ಅಂಗಡಿ ಇಟ್ಟಿದೀನಿ."

"ಯಾರಾದ್ರೇನು? ಅದ್ರಾಗೆ ಹನ್ನೆರಡು ವರ್ಷದ ಡಿಸೈನ್ ಇದೆ. ಒಂದು ಹೋದ್ರೂ ನಾನು ಸುಮ್ಕಿರಲ್ಲ!"

ಅವನು ನಗಲಿಲ್ಲ. ಗದರಲೂ ಇಲ್ಲ. ಸ್ಕ್ರೂಡ್ರೈವರ್ ಅವಳ ಕಡೆಗೆ ಚಾಚಿ, "ಹಂಗಾರೆ ನೀವೇ ಬಿಚ್ಚಿ. ಹೆಂಗೆ ಅಂತ ನಾನು ಹೇಳ್ತೀನಿ," ಎಂದ.

ಹೇಮಾವತಿ ಬೆರಗಾದಳು. ಈ ಮನೆಯಲ್ಲಿ ಅವಳ ಕೈಗೆ ಹೀಗೆ ಏನನ್ನಾದರೂ ಯಾರಾದರೂ ಕೊಟ್ಟು ಎಷ್ಟು ಕಾಲವಾಗಿತ್ತು!

ಹಿಂದೂಪುರದ ಮುದಿರೆಡ್ಡಿಪಲ್ಲಿಯಲ್ಲಿ ಅವಳ ಅಣ್ಣ ಶ್ರೀರಾಮುಲುವಿನದು ನಾಲ್ಕು ಮಗ್ಗಗಳ ಮನೆ. ಸೀರೆಯ ಅಂಚು, ಸೆರಗಿಗೆ ಬೇಕಾದ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವವಳು ಹೇಮಾವತಿ. ಅಪ್ಪ ತೀರಿಕೊಂಡ ವರ್ಷ, ಹದಿನಾರನೇ ವಯಸ್ಸಿಗೆ ಆ ಕುರ್ಚಿಯಲ್ಲಿ ಕೂತವಳು. ಈಗ ಇಪ್ಪತ್ತೆಂಟು.

ಕಂಪ್ಯೂಟರ್ ಇದ್ದದ್ದು ಹಿಂದೆ ನೂಲು ತುಂಬುತ್ತಿದ್ದ ಕೋಣೆಯಲ್ಲಿ. ಕಿಟಕಿಯಿಲ್ಲ. ಗೋಡೆಯಾಚೆ ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳ ಸದ್ದು. ಅದು ನಿಂತಾಗಲೇ ಹೊರಗೆ ಕತ್ತಲಾಯಿತೆಂದು ಅವಳಿಗೆ ಗೊತ್ತಾಗುತ್ತಿದ್ದುದು.

ಡಿಸೈನ್ ಸಾಫ್ಟ್‌ವೇರ್ ಓಡುತ್ತಿದ್ದದ್ದು ಆ ಹಳೇ ವಿಂಡೋಸ್‌ನಲ್ಲಿ ಮಾತ್ರ, ಆ ಒಂದೇ ಕಂಪ್ಯೂಟರಿನಲ್ಲಿ. ಅದನ್ನು ನಡೆಸಲು ಬರುತ್ತಿದ್ದವಳೂ ಅವಳೊಬ್ಬಳೇ. ಗೋರಂಟ್ಲದಿಂದ ಹೆಣ್ಣು ಕೇಳಲು ಬಂದವರಿಗೆ ಅಣ್ಣ, "ಈ ಸೀಸನ್ ಮುಗೀಲಿ," ಎಂದಿದ್ದ. ಸೀಸನ್ ಮುಗಿಯಿತು. ಇನ್ನೊಂದು ಬಂತು. ಕೇಳುವವರು ಬರುವುದೇ ನಿಂತಿತು.

ಈಗ ಆ ಕಂಪ್ಯೂಟರೇ ಅರ್ಧ ಗಂಟೆಗೊಮ್ಮೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ಅದಕ್ಕೇ ಅಣ್ಣ ತಿಪ್ಪೇಶನನ್ನು ಕರೆಸಿದ್ದು. ಹಳೇ ಯಂತ್ರಗಳಿಗೆ ಅವನದು ಒಳ್ಳೇ ಕೈ ಎಂದು ನೇಕಾರರೆಲ್ಲ ಹೇಳುತ್ತಿದ್ದರು. ವಾರಕ್ಕೊಮ್ಮೆ, ಮಂಗಳವಾರ, ಅವನು ಹಿಂದೂಪುರಕ್ಕೆ ಬರುತ್ತಿದ್ದ.

"ಡಿಸ್ಕ್ ಸಾಯ್ತಾ ಇದೆ," ಎಂದ ತಿಪ್ಪೇಶ್. "ಮೊದ್ಲು ಎಲ್ಲಾ ಕಾಪಿ ಮಾಡ್ಕೊಳಾನ. ಆಮೇಲೆ ಹೊಸಾ ಡಿಸ್ಕು, ಹೊಸಾ ವಿಂಡೋಸ್."

ಅವನು ತಂದಿದ್ದ ಇನ್ನೊಂದು ಡಿಸ್ಕಿಗೆ ಕಾಪಿ ಶುರುವಾಯಿತು. ಹಸಿರು ಪಟ್ಟಿ ಇರುವೆಯಂತೆ ತೆವಳತೊಡಗಿತು. ನಾಲ್ಕು ಪರ್ಸೆಂಟ್... ಒಂಬತ್ತು... ಹದಿಮೂರು...

ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ. ಕಾಯಬೇಕಿತ್ತು.

"ಇದನ್ನೆಲ್ಲಾ ನೀವೇ ಬಿಡಿಸಿದ್ದಾ?" ಪರದೆಯ ಮೇಲೆ ಸರಿಯುತ್ತಿದ್ದ ಹೆಸರುಗಳನ್ನು ಅವನು ಓದುತ್ತಿದ್ದ. "ಲೇಪಾಕ್ಷಿ ಬಳ್ಳಿ ಒಂದು, ಲೇಪಾಕ್ಷಿ ಬಳ್ಳಿ ಎರಡು... ಬೋ ಚೆಂದಾಗಿರ್ಬೇಕು. ವಾರ ವಾರ ಲೇಪಾಕ್ಷಿ ಗುಡಿಗೆ ಹೋಯ್ತೀರಾ?"

"ಹೋಗಿ ಆರು ವರ್ಷ ಆಯ್ತು."

"ಬಸ್ಸಿಗೆ ಅರ್ಧ ಗಂಟೆ ಕಣ್ರೀ!"

ಹೇಮಾವತಿ ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ಕಣ್ಣು ಯಾಕೋ ಉರಿಯಿತು. ಅರ್ಧ ಗಂಟೆ... ಹೌದಲ್ಲಾ, ಬರೀ ಅರ್ಧ ಗಂಟೆ!

ಅವನು ಹಸಿರು ಪಟ್ಟಿಯ ಕಡೆ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ನಲವತ್ತೊಂದು ಪರ್ಸೆಂಟ್," ಎಂದ. ಅಷ್ಟಕ್ಕೇ ಅವಳಿಗೆ ನಗು ಬಂತು. ಆ ನಗು ಅವಳಿಗೇ ಹೊಸದಾಗಿ ಕೇಳಿಸಿತು!

ಮುಂದಿನ ಮಂಗಳವಾರ ಹೊಸ ವಿಂಡೋಸ್ ಕೂತಿತು. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಆದರೆ ಡಿಸೈನ್ ಸಾಫ್ಟ್‌ವೇರ್ ಒತ್ತಿದರೆ... ಏನೂ ಇಲ್ಲ.

ಹೇಮಾವತಿ ಮತ್ತೊಮ್ಮೆ ಒತ್ತಿದಳು. "ಹೋಯ್ತಾ?"

"ಇಲ್ಲ. ಅದು ಹಳೇದರಾಗೆ ಮಾತ್ರ ಓಡೋದು. ಹಳೇ ಡಿಸ್ಕೂ ಕಾಪೀನೂ ನನಗೆ ಕೊಡಿ. ಒಂದು ವಾರ ಟೈಮ್ ಕೊಡಿ. ಏನೋ ಒಂದು ದಾರಿ ಮಾಡ್ತೀನಿ."

ಮೊದಲ ದಿನ ಮುಟ್ಟಬೇಡಿ ಎಂದು ಕಿರುಚಿದವಳೇ ಅವನ ಅಂಗೈಯಲ್ಲಿ ಎರಡೂ ಡಿಸ್ಕ್ ಇಟ್ಟಳು.

"ನಂಬಿ ಕೊಡ್ತಿದೀನಿ."

"ಗೊತ್ತು," ಎಂದ ಅವನು. ಕಣ್ಣುಗಳು ಕೂಡಿದವು. ಇಬ್ಬರೂ ಒಟ್ಟಿಗೆ ಬೇರೆಡೆ ನೋಡಿದರು.

ಆ ವಾರ ಅವಳು ದಿನಗಳನ್ನು ಎಣಿಸಿದಳು. ಮಂಗಳವಾರ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಜಡೆಗೆ ಕನಕಾಂಬರ ಮುಡಿದಳು.

ಅವನು ಬರಲಿಲ್ಲ.

ಮಧ್ಯಾಹ್ನ ಅಣ್ಣ ಬಾಗಿಲಲ್ಲಿ ನಿಂತು, "ಅವ್ನು ಬರಲ್ಲಮ್ಮಾ. ನಮ್ಮ ಡಿಸೈನ್ ಎಲ್ಲಾ ಯಾರಿಗೋ ಮಾರ್ಕೊಂಬುಟ್ಟ. ಏಂ ಚೇಸ್ತಾಂ, ಏನ್ ಮಾಡಾದು... ಮತ್ತೆ ಮೊದ್ಲಿಂದ ಬಿಡಿಸು," ಎಂದ.

ಮತ್ತೆ ಮೊದಲಿಂದ! ಇನ್ನೂ ಹನ್ನೆರಡು ವರ್ಷ?

ಗೋಡೆಗಳು ನಾಲ್ಕೂ ಕಡೆಯಿಂದ ಹತ್ತಿರ ಬಂದಂತಾಯಿತು. ಫೋನ್ ತೆಗೆದು ಅವನಿಗೆ ವಾಯ್ಸ್ ಮೆಸೇಜ್ ಕಳಿಸಿದಳು.

"ನನ್ನ ಆಯಸ್ಸೇ ಕದ್ಬುಟ್ರಲ್ಲ ತಿಪ್ಪೇಶ್... ನಿಮ್ಮನ್ನ ಒಳ್ಳೇವ್ರು ಅಂದ್ಕೊಂಡಿದ್ದೆ!"

ಮೆಸೇಜ್ ಹೋದ ತಕ್ಷಣ ಅವನ ನಂಬರ್ ಬ್ಲಾಕ್ ಮಾಡಿದಳು. ಕನಕಾಂಬರ ಕಿತ್ತೆಸೆದಳು.

ಎಂಟು ದಿನ ಅವಳು ಊಟ ಸೇರದೆ ಸೊರಗಿದಳು. ಒಂಬತ್ತನೇ ದಿನ ಅತ್ತಿಗೆ ನಾಗರತ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಸೆರಗಿನಡಿಯಿಂದ ಒಂದು ಪೊಟ್ಟಣ ತೆಗೆದಳು.

"ನಿಮ್ಮಣ್ಣ ಬೀರುವಿನಾಗೆ ಬಚ್ಚಿಟ್ಟಿದ್ರು. ನಂಗೆ ತಡೆಯಕ್ಕಾಗ್ಲಿಲ್ಲ ಕಣಮ್ಮ."

ಒಳಗೆ ಎರಡು ಡಿಸ್ಕ್. ಜೊತೆಗೊಂದು ಚೀಟಿ.

'ಹಳೇ ಕಂಪ್ಯೂಟರ್ ಪೂರಾ, ಅದರ ವಿಂಡೋಸ್ ಸಮೇತ, ಕಾಪಿ ಡಿಸ್ಕಿನ ಒಳಗೇ ಕೂರಿಸಿದೀನಿ. ಒಂದು ಡಿಸೈನೂ ಹೋಗಿಲ್ಲ. ಯಾವ ಲ್ಯಾಪ್‌ಟಾಪ್‌ಗೆ ಹಾಕಿದ್ರೂ ಓಡುತ್ತೆ. ಇನ್ಮೇಲೆ ನೀವು ಎಲ್ಲಿ ಬೇಕಾದ್ರೂ ಕೂತು ಬಿಡಿಸಬಹುದು.'

ಎಲ್ಲಿ ಬೇಕಾದರೂ... ಹೇಮಾವತಿ ಆ ಸಾಲನ್ನೇ ಮತ್ತೆ ಮತ್ತೆ ಓದಿದಳು.

"ವದಿನಾ... ಇದು ಯಾವಾಗ ಬಂತು?" ಅತ್ತಿಗೆಯ ಕಡೆ ತಿರುಗಿ ಕೇಳಿದಳು.

"ಹೋದ ವಾರ ಸೋಮವಾರಾನೇ ಬಂದಿದ್ದ, ಹೇಳಿದ್ದಕ್ಕಿಂತ ಒಂದಿನ ಮುಂಚೆ. ಮಗ್ಗದ ಸದ್ದಿನಾಗೆ ನಿಂಗೆ ಕೇಳಿಸ್ಲಿಲ್ಲ. ಇದನ್ನ ಕೊಟ್ಟು... ನಿನ್ನ ಕೊಡ್ತೀರಾ ಅಂತ ಕೇಳ್ದ. ನಿಮ್ಮಣ್ಣ, 'ಅವಳಿಗೆ ಇಷ್ಟ ಇಲ್ಲ, ಇನ್ಮೇಲೆ ಬರಬ್ಯಾಡ' ಅಂದ್ಬುಟ್ರು."

ಅವಳು ಡಿಸ್ಕ್ ಹಿಡಿದುಕೊಂಡೇ ನಡುಮನೆಗೆ ನಡೆದಳು. ಅಣ್ಣ ಊಟಕ್ಕೆ ಕೂತಿದ್ದ. ಅವಳ ಕೈಯಲ್ಲಿದ್ದುದನ್ನು ಕಂಡು ಅವನ ತುತ್ತು ತಟ್ಟೆಗೇ ಮರಳಿತು.

"ಯಾಕಣ್ಣಾ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತಲೆ ತಗ್ಗಿಸಿ, "ನಂಗೆ ಒಂದು ಗೆರೆ ಎಳೆಯಕ್ಕೂ ಬರಲ್ಲಮ್ಮಾ. ನೀನೋದ್ರೆ ನಾಲ್ಕು ಮಗ್ಗಾನೂ ನಿಂತೋಯ್ತವೆ... ಭಯ ಆಯ್ತು," ಎಂದ.

ಕೋಪ ಉಕ್ಕಿತು. ಅದರ ಹಿಂದೆಯೇ ಕರುಣೆಯೂ.

"ಭಯ ಆದ್ರೆ ನಂಗೇಳ್ಬೇಕಿತ್ತು! ನಾನು ನಿನ್ನ ತಂಗಿ ಕಣಣ್ಣಾ, ಕೀಬೋರ್ಡ್ ಅಲ್ಲ! ಡಿಸೈನ್ ಕೊಡ್ತೀನಿ. ನಿನ್ನ ಮಗ್ಗ ನಿಲ್ಲಕ್ಕೆ ಬಿಡಲ್ಲ. ಆದ್ರೆ ಆ ಕೋಣೇಲಿ ಮಾತ್ರ ಇನ್ ಕೂರಲ್ಲ. ನಾಳೆ ಕಲ್ಯಾಣದುರ್ಗಕ್ಕೆ ಹೋಗ್ಬತ್ತೀನಿ."

ಶ್ರೀರಾಮುಲು ಕಣ್ಣೊರೆಸಿಕೊಂಡ. ಬೇಡವೆನ್ನಲಿಲ್ಲ.

ಮಡಕಶಿರಾ ದಾಟಿ, ಪಾವಗಡದಲ್ಲಿ ಬಸ್ ಬದಲಿಸಿ ಅವಳು ಹೊರಟಳು. ಕಿಟಕಿಯ ಪಕ್ಕದ ಸೀಟು. ಬಂಡೆಗುಡ್ಡ, ಕಡಲೆಕಾಯಿ ಹೊಲ, ಕುರಿಮಂದೆ... ಎಲ್ಲವನ್ನೂ ನೋಡಿದಳು. ಮುಖಕ್ಕೆ ಬಿಸಿಗಾಳಿ ಬಡಿದರೂ ಗಾಜು ಮುಚ್ಚಲಿಲ್ಲ. ಆದರೆ ಊರು ಹತ್ತಿರವಾದಂತೆ ಅಳುಕು ಶುರುವಾಯಿತು. ಆ ಮೆಸೇಜ್ ಕೇಳಿದ ಮೇಲೆ ಅವನು ನನ್ನ ಮುಖ ನೋಡ್ತಾನಾ?

ಬಸ್ ಸ್ಟ್ಯಾಂಡ್ ಎದುರಿನ ಸಣ್ಣ ಅಂಗಡಿ. ತಿಪ್ಪೇಶ್ ಯಾವುದೋ ಮದರ್‌ಬೋರ್ಡ್ ಮೇಲೆ ಬಗ್ಗಿದ್ದ. ಗಡ್ಡ ಬೆಳೆದಿತ್ತು. ತಲೆಯೆತ್ತಿದವನು ಹಾಗೇ ನಿಂತುಬಿಟ್ಟ.

"ತಪ್ಪಾಯ್ತು," ಎಂದಳು ಹೇಮಾವತಿ. ಕಟ್ಟಿಟ್ಟ ಮಾತೆಲ್ಲ ಮರೆತು ಅಷ್ಟೇ ಬಂತು. "ಚೀಟಿ ನಿನ್ನೆ ಸಿಕ್ತು. ಇಷ್ಟ ಇಲ್ಲ ಅಂತ ನಾನಂದಿರ್ಲಿಲ್ಲ ತಿಪ್ಪೇಶ್, ಅಣ್ಣ ಅಂದಿದ್ದ. ನನ್ನನ್ನ ಯಾರೂ ಕೇಳೇ ಇರ್ಲಿಲ್ಲ!"

ಅವನ ಕಣ್ಣು ತುಂಬಿತು. "ಆ ಮೆಸೇಜ್ ದಿನಾ ಕೇಳ್ತಿದ್ದೆ."

"ಅಯ್ಯೋ... ಅಳಿಸಾಕ್ಬಾರ್ದಿತ್ತಾ? ಅಷ್ಟೊಂದು ಬೈದಿದೀನಿ!"

"ಬೈದ್ರೂ ನಿಮ್ಮ ದನಿ ತಾನೇ..."

ಹೇಮಾವತಿ ಕೆನ್ನೆ ಒರೆಸಿಕೊಂಡಳು.

"ಮನೆ ಬಿಟ್ಟು ಬಂದ್ರಾ?" ಅವನು ಗಾಬರಿಯಿಂದ ಕೇಳಿದ.

"ಇಲ್ಲ. ಹೇಳಿ ಬಂದೀನಿ. ಸಂಜೆ ಬಸ್ಸಿಗೆ ಹೋಯ್ತೀನಿ. ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ. ಆದ್ರೆ ಈ ಸಲ ಅಣ್ಣನ್ನ ಕೇಳಬ್ಯಾಡಿ, ನನ್ನ ಕೇಳಿ."

ತಿಪ್ಪೇಶ್ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದ.

"ಭಾನುವಾರದವರ್ಗೂ ನಂಗೆ ತಡೆಯಕ್ಕಾಗಲ್ಲ... ಈಗ್ಲೇ ಕೇಳ್ಲಾ?"

ರಸ್ತೆಯಲ್ಲಿ ಕುಂದುರ್ಪಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಅದರ ಸದ್ದು ಅಡಗುವವರೆಗೆ ಹೇಮಾವತಿ ಕಾದಳು. ಅವನು ಕೇಳುವ ಒಂದು ಅಕ್ಷರವೂ ತಪ್ಪಬಾರದಿತ್ತು!

"ಈಗ ಕೇಳಿ," ಎಂದಳು.