ಮೇಷ್ಟ್ರ ಕೈತಪ್ಪು

"ರೀ ಮೇಷ್ಟ್ರೇ, ಕಂಪ್ಯೂಟರ್ ಆನ್ ಆಗ್ತಿಲ್ಲ!"

ಫೋನಿನಲ್ಲಿ ಹಲೋ ಇಲ್ಲ, ಕ್ಷೇಮಸಮಾಚಾರವಿಲ್ಲ. ಆದರೂ ಆ ದನಿ ಕೇಳಿದ್ದೇ ತಡ, ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಟೀ ಲೋಟದೊಳಗೆ ಇಟ್ಟುಬಿಟ್ಟ.

ಅವನೇನು ಪಾಠ ಹೇಳುವ ಮೇಷ್ಟ್ರಲ್ಲ, ಕಂಪ್ಯೂಟರ್ ರಿಪೇರಿಯವನು. ಯಾರು ಫೋನ್ ಮಾಡಿದರೂ ಬಾಯಿಪಾಠ ಒಪ್ಪಿಸಿಕೊಳ್ಳುವವನ ಹಾಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

"ಪ್ಲಗ್ ನೋಡಿದ್ರಾ?"

"ನೋಡ್ದೆ."

"ಹಿಂದುಗಡೆ ಸಣ್ಣ ಸ್ವಿಚ್?"

"ಅದನ್ನೂ ನೋಡ್ದೆ. ನಾಲ್ಕು ಗಂಟೆಗೆ ನನ್ನ ನಲವತ್ತೆರಡು ಹುಳ ಹೋಗ್ಬೇಕು. ಎಲ್ಲಾ ಅದರೊಳಗೇ ಕೂತಿವೆ. ನೀವು ಬರ್ತೀರೋ, ಫೋನಲ್ಲೇ ಪರೀಕ್ಷೆ ಮುಗಿಸ್ತೀರೋ?"

ಹುಳ ಎಂದರೆ ಚಿತ್ರದ ಹುಳ. ಅವಳು ಶಾಲಾಪುಸ್ತಕಗಳಿಗೆ ಚಿತ್ರ ಬರೆಯುವವಳು. ಆರು ತಿಂಗಳಿಂದ ಒಂದೊಂದು ಕಾಲು, ಒಂದೊಂದು ಮೀಸೆ ಎಣಿಸಿ ಬರೆದಿದ್ದಳು.

ಗಂಟೆ ಎರಡೂವರೆ. ಮೂರು ಮಹಡಿಯ ಮೆಟ್ಟಿಲನ್ನು ಅವನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡು, ಕೂದಲು ಸರಿಮಾಡಿಕೊಂಡು, ಸರಿಮಾಡಿಕೊಂಡಿದ್ದಕ್ಕೆ ತನ್ನನ್ನೇ ಬೈದುಕೊಂಡು ಬೆಲ್ ಒತ್ತಿದ.

ಬಾಗಿಲು ತೆಗೆದವರು ಅವಳ ಸೋದರತ್ತೆ. ಸದಾ "ಬಾಪ್ಪಾ, ಊಟ ಆಯ್ತಾ" ಎನ್ನುವ ಹೆಂಗಸು ಇವತ್ತು ಮುಖ ತಿರುಗಿಸಿ ಅಡುಗೆಮನೆ ಸೇರಿಕೊಂಡರು. ಕಣ್ಣು ಕೆಂಪಗಿತ್ತು.

"ಏನಾಯ್ತು ಅಮ್ಮಂಗೆ?"

"ಅವರೇ ಮಾಡಿದ್ದು ಇದನ್ನ," ಎಂದಳು ಅವಳು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಜಡೆಗೆ ಚುಚ್ಚಿದಳು, ಜಡೆಯಿಂದ ಕಿತ್ತು ಮತ್ತೆ ಕಿವಿಗೆ. "ನೀವು ಬಂದುಹೋದ ಮೇಲೆ ಎಂಟು ದಿನ ನಾನು ಇದನ್ನ ಆಫೇ ಮಾಡಿರ್ಲಿಲ್ಲ. ಇವತ್ತು ಮಧ್ಯಾಹ್ನ ನಾನು ಸ್ನಾನಕ್ಕೆ ಹೋದಾಗ ಗೋಡೆ ಸ್ವಿಚ್ ಆರಿಸಿಬಿಟ್ಟಿದಾರೆ. ಅದಕ್ಕೂ ಸುಸ್ತಾಗಲ್ವಾ ಅಂತ ಕನಿಕರವಂತೆ! ಆಗಿನಿಂದ ನಾನು ಅವರನ್ನ ಮಾತಾಡ್ಸಿಲ್ಲ."

ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು.

ಅವನು ಮೇಜಿನ ಕೆಳಗೆ ತೂರಿದ. ಅವಳು ಮೊಬೈಲ್ ಟಾರ್ಚ್ ಹಿಡಿದು ಪಕ್ಕದಲ್ಲೇ ಮಂಡಿಯೂರಿ ಕೂತಳು. ಬೇರೆ ಕೇಬಲ್ ಹಾಕಿದ. ಗುಂಡಿ ಒತ್ತಿದ. ಇಲ್ಲ. ಪಕ್ಕದ ಮುಚ್ಚಳ ಬಿಚ್ಚಿದ. ಒಳಗೆ ಹಸಿರು ದೀಪ ಉರಿಯುತ್ತಿತ್ತು, ಅಂದರೆ ಕರೆಂಟ್ ಬರುತ್ತಿದೆ. ಮೆಮೊರಿ ಕಿತ್ತು, ಒರೆಸಿ, ಮತ್ತೆ ಹಾಕಿದ. ಗುಂಡಿ ಒತ್ತಿದ. ಫ್ಯಾನ್ ಅಲ್ಲಾಡಲಿಲ್ಲ.

"ಮೂರೂ ಕಾಲು," ಎಂದಳು ಅವಳು.

"ಗೊತ್ತು."

"ಮೂರೂ ಹದಿನಾರು."

"ನೀವು ಹೀಗೆ ಪಕ್ಕದಲ್ಲಿ ಗಡಿಯಾರ ಆದ್ರೆ ನಾನು ಕೆಲಸ ಮಾಡೋದು ಹೇಗೆ?"

ಅವಳು ತುಟಿ ಕಚ್ಚಿಕೊಂಡಳು. ಟಾರ್ಚಿನ ಬೆಳಕಿನಲ್ಲಿ ಅವಳ ಗಲ್ಲದ ಮೇಲೊಂದು ನೀಲಿ ಬಣ್ಣದ ಕಲೆ. ಅದನ್ನು ಒರೆಸಬೇಕೆಂದು ಅವನ ಬೆರಳು ಚಡಪಡಿಸಿತು. ಇಂಥ ಚಡಪಡಿಕೆ ಹೊಸದಲ್ಲ. ಆರು ಸಲ ಈ ಮನೆಗೆ ಬಂದಿದ್ದ, ಆರು ಸಲವೂ ಮನಸ್ಸಿನ ಮಾತನ್ನು ಟೂಲ್ ಬ್ಯಾಗಿನ ಜೊತೆಗೇ ವಾಪಸ್ ಹೊತ್ತುಕೊಂಡು ಹೋಗಿದ್ದ.

ಆಗ ಕಣ್ಣಿಗೆ ಬಿತ್ತು.

ಮದರ್‌ಬೋರ್ಡಿನ ಮೂಲೆಯಲ್ಲಿ ಎರಡು ಸಣ್ಣ ವೈರುಗಳು. ಆನ್ ಮಾಡುವ ಗುಂಡಿಯದು ಇರಬೇಕಾದಲ್ಲಿ, ಮರುಚಾಲೂ ಮಾಡುವ ರೀಸೆಟ್ ಗುಂಡಿಯದು, ಅದಿರಬೇಕಾದಲ್ಲಿ ಇದು. ಅದಲುಬದಲು.

ಎಂಟು ದಿನದ ಹಿಂದೆ ಇಡೀ ಕಂಪ್ಯೂಟರ್ ಬಿಚ್ಚಿ ಧೂಳು ತೆಗೆದವನು ಅವನೇ. ಗುಂಡಿಯ ವೈರುಗಳನ್ನು ಕಟ್ಟಕಡೆಗೆ ಸಿಕ್ಕಿಸುವುದು ಅವನ ಪದ್ಧತಿ. ಮೊದಲು ಸ್ಕ್ರೂಡ್ರೈವರ್ ತುದಿಯನ್ನು ಆ ವೈರು ಕೂರುವ ಪಿನ್ನುಗಳಿಗೆ ತಾಗಿಸಿ ಆನ್ ಮಾಡುತ್ತಾನೆ, ಎಲ್ಲ ಸರಿ ಎಂದಾದ ಮೇಲೆ ವೈರು. ಅವತ್ತೂ ಹಾಗೇ ಮಾಡಿದ್ದ, ಗುಂಡಿ ಒತ್ತಿ ನೋಡಿರಲಿಲ್ಲ. ಆಮೇಲೆ ಯಾರೂ ಆಫ್ ಮಾಡದ್ದರಿಂದ ತಪ್ಪು ಎಂಟು ದಿನ ತೆಪ್ಪಗೆ ಕೂತಿತ್ತು. ಈ ಮುಕ್ಕಾಲು ಗಂಟೆ ಎಲ್ಲದರ ಮೇಲೂ ಅನುಮಾನಪಟ್ಟವನು ತನ್ನ ಕೈಯ ಮೇಲೆ ಮಾತ್ರ ಪಡಲಿಲ್ಲ, ಮಹಾಶಯ!

ಈಗ ವೈರು ಬದಲಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅವಳಿಗೆ ಗೊತ್ತೂ ಆಗುವುದಿಲ್ಲ. ಕೊಂಡಾಡುತ್ತಾಳೆ, ನಗುತ್ತಾಳೆ. ಹೇಳಿದರೋ? ಒಳಗೊಂದು ಸ್ಕ್ರೂ ಬಿಟ್ಟುಹೋದ ಹಿಂದಿನ ರಿಪೇರಿಯವನನ್ನು ಅವಳು ಮತ್ತೆಂದೂ ಕರೆದಿರಲಿಲ್ಲ. ಇವನ ಗತಿಯೂ ಅಷ್ಟೇ. ಏಳನೇ ಸಲವೇ ಕೊನೆಯ ಸಲ.

ಅಡುಗೆಮನೆಯಲ್ಲಿ ಅತ್ತೆ ಮೂಗೆಳೆದುಕೊಂಡ ಸದ್ದು ಕೇಳಿಸಿತು.

"ರೀಸೆಟ್ ಗುಂಡಿ ಒತ್ತಿ," ಎಂದ ಅವನು.

"ಅದ್ಯಾಕೆ?"

"ಒತ್ತಿ."

ಒತ್ತಿದಳು. ಫ್ಯಾನ್ ಗುಂಯ್ ಎಂದಿತು. ಪರದೆ ಬೆಳಗಿತು. ಅವಳು ಕೂಗಿಕೊಂಡು ಅವನ ಭುಜಕ್ಕೊಂದು ಏಟು ಕೊಟ್ಟಳು.

"ಅಮ್ಮಂದು ತಪ್ಪಿಲ್ಲ," ಎಂದ ಅವನು, ಅವಳ ನಗು ಪೂರ್ತಿ ಅರಳುವ ಮುಂಚೆಯೇ. "ತಪ್ಪು ನಂದು. ಅವತ್ತು ಎರಡು ವೈರು ಅದಲುಬದಲು ಮಾಡಿದೀನಿ. ಅವರು ಆರಿಸಿದ್ರಿಂದ ಏನೂ ಕೆಟ್ಟಿಲ್ಲ. ನೀವು ಆರಿಸಿದ್ರೂ ಹಿಂಗೇ ಆಗ್ತಿತ್ತು."

ಅವಳ ಮುಖದಲ್ಲಿ ನಗು ನಿಂತುಹೋಯಿತು. ಕುರ್ಚಿ ಎಳೆದುಕೊಂಡು ಹುಳಗಳನ್ನು ಪ್ರಕಾಶಕರಿಗೆ ಕಳಿಸಲು ಕೂತಳು. ಅವನು ಹಿಂದೆ ನಿಂತು, ಕೂತು, ಮತ್ತೆ ನಿಂತು, ಬ್ಯಾಗಿನ ಜಿಪ್ಪನ್ನು ನಾಲ್ಕು ಸಲ ಹಾಕಿ ತೆಗೆದ. ಮೂರೂ ಐವತ್ತೆರಡಕ್ಕೆ ಎಲ್ಲ ಹೋಯಿತು. ಅವಳು ಎದ್ದು ಅವನತ್ತ ನೋಡದೆ ಸೀದಾ ಅಡುಗೆಮನೆಗೆ ನಡೆದಳು.

"ಅತ್ತೇ, ತಪ್ಪಾಯ್ತು."

"ಹೋಗೇ, ಇಷ್ಟೊತ್ತು ನಾನೇನು ಮನುಷ್ಯಳಲ್ವಾ?" ಆಮೇಲೆ ಇಬ್ಬರೂ ಮೂಗು ಒರೆಸಿಕೊಂಡರು.

ಅವನು ಬ್ಯಾಗ್ ಹೆಗಲಿಗೇರಿಸಿದ. ಮೆಲ್ಲಗೆ ಜಾರಿಕೊಳ್ಳುವುದೇ ಮರ್ಯಾದೆ ಎನಿಸಿತು.

"ನಿಲ್ಲಿ." ಅವಳು ಅಡುಗೆಮನೆ ಬಾಗಿಲಲ್ಲಿದ್ದಳು. "ಪ್ಲಗ್ ನೋಡಿದ್ರಾ ಅಂತ ಊರಿಗೆಲ್ಲಾ ಕೇಳೋ ಮನುಷ್ಯ ನೀವು. ಹೇಗೆ ತಪ್ತು?"

ಸುಳ್ಳು ಹೇಳಲು ಈಗ ಏನೂ ಉಳಿದಿರಲಿಲ್ಲ.

"ಅವತ್ತು ನೀವು ಹುಳ ಹೇಗೆ ರೆಕ್ಕೆ ಬಿಚ್ಚುತ್ತೆ ಅಂತ ಕೈ ಅಗಲಿಸಿ ತೋರಿಸ್ತಿದ್ರಿ. ನಾನು ವೈರ್ ನೋಡ್ಲಿಲ್ಲ. ನಿಮ್ಮನ್ನ ನೋಡ್ತಿದ್ದೆ." ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಹೇಳಿದ, "ಬಂದಾಗೆಲ್ಲಾ ನೋಡ್ತೀನಿ. ನನಗೆ ನೀವಂದ್ರೆ ಇಷ್ಟ. ತುಂಬಾ."

"ಅಂತೂ ಬಾಯಿಬಿಟ್ಟ!" ಎಂದರು ಒಳಗಿನಿಂದ ಅತ್ತೆ.

"ಅತ್ತೇ!" ಅವಳ ಕಿವಿ ಕೆಂಪಾಯಿತು. "ಎಂಟು ದಿನದಿಂದ ಇದೇನಾದ್ರೂ ಕೆಟ್ಟು ನಿಲ್ಲಬಾರದಾ ಅಂತ ಕಾಯ್ತಿದ್ದೆ ಕಣ್ರೀ. ಇವತ್ತೇ ಕೆಡಬೇಕಿತ್ತಾ?"

ಅವನಿಗೆ ಮಾತು ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಅರ್ಥವಾದದ್ದೇ ಬ್ಯಾಗ್ ಕೆಳಗಿಟ್ಟು, ಏನು ಮಾಡಬೇಕೋ ತೋಚದೆ ಮತ್ತೆ ಮೇಜಿನ ಕೆಳಗೆ ತೂರಿದ.

"ಏನ್ಮಾಡ್ತಿದೀರಾ?"

"ವೈರ್ ಸರಿಮಾಡ್ತೀನಿ."

"ಬೇಡ, ಈಚೆ ಬನ್ನಿ. ನಾಳೆ ಮಾಡಿ."

"ಎರಡು ನಿಮಿಷದ ಕೆಲಸ ಅದು."

"ಗೊತ್ತು," ಎಂದಳು ಅವಳು, ಬಗ್ಗಿ ಅವನ ಕಣ್ಣಲ್ಲೇ ಕಣ್ಣಿಟ್ಟು. "ಬೆಳಿಗ್ಗೆಯೇ ಬನ್ನಿ."