ಮೂರನೇ ಅಂಕದ ಮಾತು

ಮೇಕಪ್ ರೂಮಿನಲ್ಲಿ ಅವರು ನನ್ನ ಕೈ ಹಿಡಿದು, "ನೀನಿಲ್ಲದ ಮನೆಗೆ ಬಾಗಿಲು ಯಾಕೆ ಬೇಕು?" ಎಂದಾಗ ನನ್ನ ಎದೆ ಝಲ್ಲೆಂದಿತು. ಮರುಕ್ಷಣವೇ ನನ್ನ ಹಾಳು ಬಾಯಿ ಮುಂದಿನ ಸಾಲನ್ನು ತಾನಾಗಿ ಹೇಳಿಬಿಟ್ಟಿತು.

"ಕಿಟಕಿಗೆ ದೀಪ ಯಾಕೆ ಬೇಕು?"

ಹದಿನಾರು ವರ್ಷದ ಚಾಳಿ. ನಾನು ನಾಟಕ ಕಂಪನಿಯ ಪ್ರಾಂಪ್ಟರ್. ರಂಗದ ಪಕ್ಕ ಸೈಡ್ ವಿಂಗಿನ ಮರೆಯಲ್ಲಿ ಸ್ಕ್ರಿಪ್ಟ್ ಹಿಡಿದು ಕೂತು, ನಟರು ಮಾತು ಮರೆತರೆ ಪಿಸುಗುಟ್ಟುವವಳು.

ಅವರ ಮುಖ ಬಿಳಿಚಿಕೊಂಡಿತು. "ಅದು... ನಾಟಕದ್ದಾ?"

"ಮೂರನೇ ಅಂಕ. ಹೆಂಡ್ತಿ ಬಿಟ್ಟುಹೋಗೋ ಸೀನು. ಒಂದ್ಸಲಾನೂ ತಪ್ಪಿಲ್ಲ ನೀವು."

"ದೇವರಾಣೆ, ನನ್ನ ಮಾತೇ ಅನ್ಕೊಂಡೆ, ಪಿಸಪಿಸ ಮೇಡಂ."

ಅವರು ನಮ್ಮ ಕಂಪನಿಯ ನಟರು. ಸಿನಿಮಾದಲ್ಲಿ ಜಡ್ಜ್, ಸೀರಿಯಲ್ಲಿನಲ್ಲಿ ಹುಡುಗಿಯ ಅಪ್ಪ, ರಂಗದ ಮೇಲೆ ಕಳ್ಳ, ಕುರುಡ, ರಾಜ. ರಸ್ತೆಯಲ್ಲಿ ಹೋದರೆ ಜನ "ಇವ್ರನ್ನ ಎಲ್ಲೋ ನೋಡಿದೀನಲ್ಲ" ಎನ್ನುತ್ತಾರೆ. ಹೆಸರು ಯಾರ ಬಾಯಿಗೂ ಬರುವುದಿಲ್ಲ. ಯಾವ ವೇಷ ಹಾಕಿದರೂ ಅದೇ ಆಗಿಬಿಡುತ್ತಾರೆ. ನಾನು ಮರುಳಾಗಿದ್ದು ಆ ಗುಣಕ್ಕೇ. ಈಗ ನನ್ನ ಹೊಟ್ಟೆ ಉರಿಸಿದ್ದೂ ಅದೇ.

"ಬೆಳ್ಳಗಿರೋದೆಲ್ಲ ಹಾಲಲ್ಲ. ನಾನು ಹೇಗೆ ನಂಬ್ಲಿ ಹೇಳಿ?" ಎಂದೆ.

ಏನೋ ಹೇಳಲು ಹೋದರು. ಅದೂ ಯಾವುದಾದರೂ ನಾಟಕದ್ದೇ ಇರಬಹುದೆಂಬ ಭಯಕ್ಕೋ ಏನೋ, ಬಾಯಿ ಮುಚ್ಚಿಕೊಂಡರು.

ಅವರ ಒಂದು ಮಾತಿಗಾಗಿ ಕಾದು ಕಾದು ನನಗೆ ಸಾಕಾಗಿತ್ತು. ಅಕ್ಕ ತನ್ನ ಊರಿನಲ್ಲಿ ಲೈಬ್ರರಿ ಕೆಲಸ ಹುಡುಕಿಟ್ಟಿದ್ದಳು. ಶನಿವಾರ ಮಧ್ಯಾಹ್ನದ ಶೋ ಮುಗಿಸಿ ಬಸ್ಸು ಹತ್ತುವುದೆಂದು ತೀರ್ಮಾನಿಸಿ, ಕಂಪನಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಮೂರು ದಿನ ನಾವಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ರಿಹರ್ಸಲ್ಲಿನಲ್ಲಿ ನನ್ನ ಕಡೆ ಕದ್ದು ನೋಡುತ್ತಿದ್ದರು. ನಾನು ನೋಡಿದರೆ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು.

ಶನಿವಾರ ಅದೇ ನಾಟಕ. ನನ್ನ ಕಾಲ ಬಳಿ ಬ್ಯಾಗು ಸಿದ್ಧವಾಗಿತ್ತು. ಮೂರನೇ ಅಂಕದಲ್ಲಿ ಹೆಂಡತಿಯ ಪಾತ್ರದವಳು ಸೂಟ್‌ಕೇಸ್ ಎತ್ತಿಕೊಂಡಳು. ಅವರು ಬಾಯಿ ತೆರೆದರು. ಮಾತು ಬರಲಿಲ್ಲ.

ಪ್ರೇಕ್ಷಕರಲ್ಲಿ ಯಾರೋ ಕೆಮ್ಮಿದರು.

"ನೀನಿಲ್ಲದ ಮನೆಗೆ..." ಎಂದು ಪಿಸುಗುಟ್ಟಿದೆ.

ಅವರು ಬೇಡವೆಂದು ತಲೆಯಾಡಿಸಿದರು. ಹೆಂಡತಿಯನ್ನು ಬಿಟ್ಟು ನೇರ ವಿಂಗಿನ ಕಡೆ ತಿರುಗಿದರು. ರಾಜನ ಪಾತ್ರದಲ್ಲಿ ಗುಡುಗುವ ಆ ಗಂಟಲು ಅವತ್ತು ನಡುಗುತ್ತಿತ್ತು.

"ಹೋಗ್ಬೇಡಿ. ಏನ್ ಹೇಳ್ಬೇಕೋ ನಂಗೆ ಗೊತ್ತಾಗ್ತಿಲ್ಲ... ಮೂರು ದಿನದಿಂದ ಹುಡುಕ್ತಿದೀನಿ. ಹೋಗ್ಬೇಡಿ, ಅಷ್ಟೇ."

ನಾನು ಸ್ಕ್ರಿಪ್ಟ್ ತಿರುವಿದೆ. ಹಿಂದಿನ ಪುಟ, ಮುಂದಿನ ಪುಟ. ಆ ಮಾತು ಎಲ್ಲೂ ಇರಲಿಲ್ಲ.

ಹೆಂಡತಿಯ ಪಾತ್ರದವಳು ಕಕ್ಕಾಬಿಕ್ಕಿಯಾಗಿ ಸೂಟ್‌ಕೇಸ್ ಸಮೇತ ವಿಂಗಿಗೆ ಬಂದವಳೇ ನನ್ನ ಭುಜ ತಿವಿದಳು. "ನಿಂಗೇ ಕಣೇ ಹೇಳ್ತಿರೋದು! ಏನಾದ್ರೂ ಹೇಳೇ!"

ಅವರು ರಂಗದ ನಡುವೆ ಒಬ್ಬರೇ ನಿಂತಿದ್ದರು. ಯಾವ ವೇಷವೂ ಇಲ್ಲದ ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

"ಹೋಗಲ್ಲ," ಎಂದು ಪಿಸುಗುಟ್ಟಿದೆ.

ಮುಂದಿನ ಸಾಲಿನಲ್ಲಿ ಕೂತವರಿಗೂ ಕೇಳಿಸಿತಂತೆ. ಕೇಳಲಿ ಬಿಡಿ.