ಅಳತೆ ತೆಗೆಯದೆ ಹೊಲಿದ ಅಂಗಿ

ಬಟ್ಟೆಯ ಕವರನ್ನು ಮೇಜಿನ ಮೇಲಿಟ್ಟವನ ಮುಖ ನೋಡಿದ್ದೇ ತಡ, ಅವಳ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

ಐದು ವರ್ಷ! ಇನ್ನೇನು ಮದುವೆ ಹತ್ತಿರ ಬಂತು ಎನ್ನುವಾಗ, ಮನಸ್ಸು ಬದಲಾಗಿದೆ ಎಂದಷ್ಟೇ ಹೇಳಿ ಕೈಕೊಟ್ಟು ಹೋಗಿದ್ದ ಈ ಡ್ರಾಯಿಂಗ್ ಮೇಷ್ಟ್ರು. ಈಗ ಯಾವ ಮುಖ ಹೊತ್ತುಕೊಂಡು ಬಂದ?

ಮುಂದಿನ ವಾರ ಮದುವೆಯಿದೆ, ಒಂದು ಅಂಗಿ ಹೊಲಿದುಕೊಡಬೇಕು ಎಂದ. ಯಾರ ಮದುವೆ ಎಂದು ಅವಳು ಕೇಳಲಿಲ್ಲ. ಕೇಳುವುದೇನಿದೆ... ಅವನದೇ ಇರಬೇಕು.

ಅಕ್ಕತಂಗಿಯರ ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಹೆತ್ತ ಅಪ್ಪನೇ ಬಂದರೂ ಹೊಸದಾಗಿ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಅಕ್ಕ ಟೇಪು ಚಾಚಿದಳು. ಇವಳು ಮುಟ್ಟಲಿಲ್ಲ. ಅವನ ಅಳತೆ ನನಗೆ ಬಾಯಿಪಾಠ ಎಂದುಬಿಟ್ಟಳು. ನಿಜ ಹೇಳಬೇಕೆಂದರೆ, ಆ ಕೊರಳಿಗೆ ಇನ್ನೊಮ್ಮೆ ಕೈ ಹಾಕುವ ಧೈರ್ಯ ಅವಳಿಗಿರಲಿಲ್ಲ. ಹಾಳಾದ ಸ್ವಾಭಿಮಾನ!

ಮೂರನೇ ದಿನ ಬಂದು ಅಂಗಿ ತೊಟ್ಟು ನೋಡಿದ. ಭುಜ ಸರಿ, ತೋಳು ಸರಿ. ಕಾಲರಿನ ಗುಂಡಿ ಮಾತ್ರ ಏನು ಮಾಡಿದರೂ ಹಾಕಲು ಬರಲಿಲ್ಲ.

"ಸುಖವಾಗಿದೀರ ಅನ್ಸುತ್ತೆ. ಕುತ್ತಿಗೆ ಚೆನ್ನಾಗಿ ದಪ್ಪ ಆಗಿದೆ," ಎಂದು ಚುಚ್ಚಿದಳು.

ಚುಚ್ಚಿ, ತಾನೇ ಗುಂಡಿ ಹಾಕಲು ಹೋದಳು. ಬೆರಳಿಗೆ ಗಟ್ಟಿ ಗಂಟೊಂದು ತಾಗಿತು. ನಿಂಬೆಹಣ್ಣಿನಷ್ಟು ಗಾತ್ರ.

"ಇದೇನಿದು?"

ಅವನು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದ. ಆಗ, ಅವರಿಬ್ಬರ ಮದುವೆ ಹತ್ತಿರವಾಗಿದ್ದಾಗ, ಮೂತ್ರದಲ್ಲಿ ರಕ್ತ ಬಂದಿತ್ತಂತೆ. ಕಿಡ್ನಿ ಕ್ಯಾನ್ಸರ್. ಒಂದು ಕಿಡ್ನಿಯನ್ನೇ ತೆಗೆದರಂತೆ. ವರ್ಷಗಟ್ಟಲೆ ಸುಮ್ಮನಿದ್ದ ಕಾಯಿಲೆ ಈಗ ಕುತ್ತಿಗೆಯಲ್ಲಿ, ಥೈರಾಯ್ಡಿನೊಳಗೆ ಗಂಟಾಗಿ ಎದ್ದಿದೆ. ತಲೆಬುರುಡೆಯಲ್ಲೂ ಒಂದು ಚುಕ್ಕೆ ಕಂಡಿದೆ. ಗಂಟು ತೆಗೆದು ಮಾತ್ರೆ ಕೊಡುತ್ತಾರೆ; ಹಿಡಿದಿಡಬಹುದು, ವಾಸಿ ಮಾಡಲಾಗದು ಎಂದಿದ್ದಾರೆ ಡಾಕ್ಟರು. ಆಪರೇಷನ್ನಿನಲ್ಲಿ ದನಿ ಹೋದರೂ ಹೋಗಬಹುದು. ಮದುವೆ ಅವನ ತಂಗಿಯದು. ಅದು ಮುಗಿದ ಮಾರನೇ ದಿನವೇ ಅವನು ಆಸ್ಪತ್ರೆಗೆ ಸೇರಬೇಕು.

ಅವಳಿಗೆ ಅಳು ಬರಲಿಲ್ಲ. ಕೋಪ ಬಂತು.

"ಅವತ್ತೇ ಯಾಕೆ ಹೇಳಲಿಲ್ಲ?"

"ನಿನ್ನ ಬದುಕು ಹಾಳಾಗೋದು ಬೇಡ ಅಂತ..."

"ಹಾಳಾಗಲಿಲ್ವಾ? ಐದು ವರ್ಷ ನನ್ನಲ್ಲೇ ಏನೋ ಕೊರತೆ ಇದೆ ಅಂದ್ಕೊಂಡು ಕನ್ನಡಿ ನೋಡಿದೀನಿ ಕಣೋ. ದೊಡ್ಡ ತ್ಯಾಗಿ ನೀನು."

ಅವನು ತಲೆ ತಗ್ಗಿಸಿದ. ಒಳಗೆ ಅಕ್ಕನ ಮಿಷನ್ನಿನ ಸದ್ದೂ ನಿಂತುಹೋಗಿತ್ತು.

"ದನಿ ಇರುವಾಗಲೇ ಹೇಳಿಬಿಡೋಣ ಅಂತ ಬಂದೆ. ಮನಸ್ಸು ಬದಲಾಗಿದೆ ಅಂದಿದ್ದು ಸುಳ್ಳು. ಯಾವತ್ತೂ ಬದಲಾಗಲಿಲ್ಲ."

ಈ ಒಂದು ಮಾತಿಗಾಗಿ ಎಷ್ಟು ಹಂಬಲಿಸಿದ್ದಳು ಅವಳು! ಬಂದದ್ದು ನೋಡಿ, ಎಂಥ ಹೊತ್ತಿನಲ್ಲಿ...

"ಆಸ್ಪತ್ರೇಲಿ ಜೊತೆಗೆ ಯಾರಿರ್ತಾರೆ?"

"ಯಾರೂ ಇಲ್ಲ. ತಂಗಿಗೆ ಇನ್ನೂ ಹೇಳಿಲ್ಲ."

"ನಾನು ಬರ್ತೀನಿ."

"ಬೇಡ ಕಣೇ. ಇದು ವಾಸಿಯಾಗೋದಲ್ಲ."

"ಅವತ್ತು ಇಬ್ಬರ ತೀರ್ಮಾನಾನೂ ನೀನೊಬ್ಬನೇ ಮಾಡ್ದೆ. ಇವತ್ತು ನಾನು ಮಾಡ್ತೀನಿ. ಕ್ಷಮಿಸಿಬಿಟ್ಟೆ ಅಂತ ಮಾತ್ರ ಅಂದ್ಕೋಬೇಡ."

"ಕ್ಷಮಿಸೋದು ಯಾವಾಗ?"

ಅವಳು ಅವನ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಳು. ಈಗ ಕಣ್ಣೀರು ತಡೆಯಲಾಗಲಿಲ್ಲ.

"ಗೊತ್ತಿಲ್ಲ. ತುಂಬಾ ದಿನ ಬೇಕು ನಂಗೆ. ಅಷ್ಟು ದಿನ ನೀನು ಇರ್ಬೇಕು."